ಮೆಜೆಸ್ಟಿಕ್ಕಿಗೆ ರೈಲು ನೋಡಲು



ಎಲ್ಲರೂ ಊರಿಗೆ ಹೋಗಲು ರೈಲ್ವೆ ಸ್ಟೇಷನ್ನಿಗೆ ಹೋಗುತ್ತಾರೆ. ನಾನು ಮತ್ತು ನಮ್ಮ ತಾತ ಎಲ್ಲಿಗೂ ಹೋಗದೆ, ಬರೀ ರೈಲು ನೋಡುವುದಕ್ಕೆ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಹೋಗಬೇಕೆಂದಿದ್ದೇವೆ. ನಗಬೇಡಿ. ಪೂರ್ತಿ ಓದಿ.

ನಮ್ಮ ತಾತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಮದ್ದೂರಿನ ಆಸುಪಾಸಿನ ಕಂಬಿಯನ್ನು ಬಿಸಿಲು ಮಳೆ ಎನ್ನದೆ ನಡೆದು ನೋಡಿದವರು. 1990ರ ದಶಕದಲ್ಲಿ ಮೈಸೂರು ದಾರಿಯ ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಹಾಕಿದಾಗಲೂ ಕೆಲಸ ಮಾಡಿದ್ದಾರೆ. ಮೊದಲು ಎರಡು ಕಂಬಿಗಳ ನಡುವೆ ಒಂದೇ ಮೀಟರ್ ಇತ್ತಂತೆ, ಈಗ 1676 ಮಿಲಿಮೀಟರ್. ಈಗ ತಾತನ ಕಣ್ಣಿಗೆ ಮಂಜು ಕವಿದಿದೆ. ಆದರೂ ಕಬ್ಬಿನ ಗದ್ದೆ ಆಚೆ ರೈಲು ಹೋದರೆ ಸದ್ದು ಕೇಳಿಯೇ "ಗೂಡ್ಸು" ಅಂತಾರೆ. ನಾನು ಓಡಿ ಹೋಗಿ ನೋಡಿದರೆ ಗೂಡ್ಸೇ ಆಗಿರುತ್ತದೆ.

ಒಂದು ದಿನ ಕೇಳಿದೆ, "ತಾತ, ಈ ರೈಲೆಲ್ಲ ಹೋಗಿ ನಿಲ್ಲೋ ಜಾಗ ನೋಡಿದ್ದೀಯಾ?"

"ಹೋಗಿವ್ನಿ ಕಣವ್ವ. ಇಳಿಯೋದು, ಬಸ್ ಸ್ಟ್ಯಾಂಡ್ ಕಡೆ ಓಡೋದು. ನಿಂತು ನೋಡೋಕೆ ಪುರುಸೊತ್ತು ಎಲ್ಲಿತ್ತು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಣ್ಣು ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ನೋಡ್ಬೇಕು" ಅಂದರು. ಅವತ್ತೇ ನಾನು ನಿರ್ಧಾರ ಮಾಡಿದೆ.

ಕಷ್ಟ ಅಂದ್ರೆ ಅವ್ವ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೆಜೆಸ್ಟಿಕ್ ಸಬ್‌ವೇಯಲ್ಲಿ ಬಳೆ ಅಂಗಡಿ ನೋಡುತ್ತಾ ನಿಂತು ನಾನು ಕಳೆದುಹೋಗಿದ್ದೆ. ಅವ್ವ ಸಿಗೋವರೆಗೂ ಅತ್ತಿದ್ದೆ, ಸಿಕ್ಕ ಮೇಲೆ ಅವ್ವ ಅತ್ತಳು. ಈಗ, "ಕಣ್ಣು ಕಾಣದ ಮುದುಕಪ್ಪ, ದಾರಿ ತಪ್ಪೋ ಹುಡುಗಿ, ಚೆನ್ನಾಗಿದೆ ಜೋಡಿ!" ಅನ್ನುತ್ತಾಳೆ. ಅದಕ್ಕೇ ಅವ್ವನನ್ನು ಒಪ್ಪಿಸಲು ನೋಟ್‌ಬುಕ್ಕಿನಲ್ಲಿ ಯೋಜನೆ ಬರೆದೆ.

ದಸರಾದಲ್ಲಿ ಮೈಸೂರು ರೈಲುಗಳು ತುಂಬಿರುತ್ತವೆ. ಆದ್ದರಿಂದ ದೀಪಾವಳಿ ಗದ್ದಲ ಮುಗಿದ ಮೇಲೆ ಒಂದು ಭಾನುವಾರ. ಮದ್ದೂರಿನಿಂದ ಬೆಳಗಿನ ಪ್ಯಾಸೆಂಜರ್. ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿ ದಾಟಿದರೆ ಬೆಂಗಳೂರು. ಬುತ್ತಿ ಮನೆಯದೇ, ಮದ್ದೂರು ವಡೆ ಮಾತ್ರ ದುಡ್ಡು ಕೊಟ್ಟು.

ಬಂದ ಟಿಕೆಟ್ಟಿನಲ್ಲೇ ಸ್ಟೇಷನ್ನಿನಲ್ಲಿ ಕೂತಿರುವ ಹಾಗಿಲ್ಲ. ಹೊರಗೆ ಬಂದು ಪ್ಲಾಟ್‌ಫಾರಂ ಟಿಕೆಟ್ ತೆಗೆಯಬೇಕು. ಒಬ್ಬರಿಗೆ 10 ರೂಪಾಯಿ, 2 ಗಂಟೆ ಹೊತ್ತು. ಆ 2 ಗಂಟೆಯನ್ನು ಯೋಚಿಸಿ ಆರಿಸಬೇಕು. ಬೆಳಗ್ಗೆ ಹತ್ತರ ಸುಮಾರಿಗೆ ಚೆನ್ನೈನಿಂದ ಮೈಸೂರಿಗೆ ಹೋಗುವ ವಂದೇ ಭಾರತ್ ಬರುತ್ತದೆ. 2022ರ ನವೆಂಬರ್ 11ರಂದು ಇದೇ ಸ್ಟೇಷನ್ನಿನಲ್ಲಿ ಅದಕ್ಕೆ ಬಾವುಟ ತೋರಿಸಿದ್ದರು. ನಮ್ಮೂರ ಪಕ್ಕ ಗಾಳಿ ಹಾಗೆ ಹೋಗುತ್ತದೆ, ನಿಂತದ್ದನ್ನು ನಾವು ನೋಡೇ ಇಲ್ಲ. ಅದಕ್ಕೆ ಬೇರೆ ಇಂಜಿನ್ ಇಲ್ಲ, ಮೋಟಾರುಗಳು ಬೋಗಿಗಳ ಅಡಿಯಲ್ಲೇ ಇರುತ್ತವೆ ಅಂದರೆ ತಾತ ನಂಬುತ್ತಿಲ್ಲ. ಮುಟ್ಟಿ ತೋರಿಸಬೇಕು.

ಸಂಗೊಳ್ಳಿ ರಾಯಣ್ಣನ ಹೆಸರಿನ ಈ ಸ್ಟೇಷನ್ನಿನಲ್ಲಿ 10 ಪ್ಲಾಟ್‌ಫಾರಂಗಳಿವೆ. ಉತ್ತರದ ತುದಿಗೆ ಎರಡು ದಾರಿ, ಒಂದು ದಂಡಿನ ಕಡೆಗೆ, ಇನ್ನೊಂದು ಮಲ್ಲೇಶ್ವರ, ಯಶವಂತಪುರದ ಕಡೆಗೆ. ದಕ್ಷಿಣದ ತುದಿಯಿಂದ ನಮ್ಮ ಮೈಸೂರು ದಾರಿ. ಎದುರಿನ ಬಸ್ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಮೆಜೆಸ್ಟಿಕ್ ಎಂಬ ಹೆಸರು ಒಂದು ಚಿತ್ರಮಂದಿರದಿಂದ ಬಂತು. ಈಗ ಚಿತ್ರಮಂದಿರ ಇಲ್ಲ, ಹೆಸರು ಮಾತ್ರ ಉಳಿದಿದೆ.

ಏನೇನು ಬರೆದುಕೊಳ್ಳಬೇಕು ಅಂತಲೂ ಕಲಿತಿದ್ದೇನೆ. ರೈಲಿನ ನಂಬರು ಐದು ಅಂಕಿ. ಮೊದಲ ಅಂಕಿ 1 ಅಥವಾ 2 ಇದ್ದರೆ ದೂರದ ಗಾಡಿ, 0 ಇದ್ದರೆ ವಿಶೇಷ ಗಾಡಿ. ಇಂಜಿನ್ ಮೇಲೆ ಡಬ್ಲ್ಯು.ಎ.ಪಿ. ಅಂತಿದ್ದರೆ ಡಬ್ಲ್ಯು ಅಂದರೆ ಬ್ರಾಡ್ ಗೇಜ್, ಎ ಅಂದರೆ ಎ.ಸಿ. ಕರೆಂಟು, ಪಿ ಅಂದರೆ ಪ್ರಯಾಣಿಕರ ಗಾಡಿಗೆ. ಪಿ ಬದಲು ಜಿ ಇದ್ದರೆ ಗೂಡ್ಸಿಗೆ. ಕೊನೆ ಬೋಗಿಯ ಹಿಂದೆ ದೊಡ್ಡ ಗುಣಾಕಾರ ಚಿಹ್ನೆ ಇರುತ್ತದೆ. ಅದು ಕಂಡರೆ ಗಾಡಿ ಪೂರ್ತಿ ಬಂದಿದೆ, ಮಧ್ಯೆ ಕಳಚಿಕೊಂಡಿಲ್ಲ ಅಂತ ಅರ್ಥ. ಇದನ್ನು ಹೇಳಿಕೊಟ್ಟದ್ದು ತಾತ.

ನಿಯಮಗಳು: ಹಳದಿ ಗೆರೆ ದಾಟಬಾರದು. ಕಂಬಿಗೆ ಇಳಿಯಬಾರದು. ಮೇಲ್ಸೇತುವೆ ಮೇಲೆ ಅಡ್ಡ ನಿಲ್ಲಬಾರದು. ತಾತನ ಕೈ ಬಿಡಬಾರದು. ಅಪ್ಪನ ಫೋನ್ ನಂಬರು ಇಬ್ಬರ ಜೇಬಿನಲ್ಲೂ. ತಪ್ಪಿಸಿಕೊಂಡರೆ ಅಳುತ್ತಾ ಅಲೆಯದೆ ನಿಂತಲ್ಲೇ ನಿಂತು ರೈಲ್ವೆ ಪೊಲೀಸರಿಗೆ ಹೇಳುವುದು. ರೈಲ್ವೆಗೆ 139, ಮಕ್ಕಳ ಸಹಾಯವಾಣಿಗೆ 1098.

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಾ ಸುಮ್ಮನೆ ಕೇಳಿದಳು. ಕೊನೆಗೆ, "ಅಲ್ಲಿ ಅವರಿಗೆ ಏನೂ ಕಾಣ್ದೇ ಹೋದ್ರೆ?" ಅಂದಳು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಜಗಲಿಯಿಂದ ತಾತ ಹೇಳಿದರು, "ಅವಳು ನಂಬರು ಓದ್ತಾಳೆ, ನಾನು ಸದ್ದು ಕೇಳ್ತೀನಿ. ಅಷ್ಟು ಸಾಕು ಕಣವ್ವ."

ಅವ್ವ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಆದರೆ ಮಾರನೇ ದಿನ ತಾತನ ಬಿಳಿ ಅಂಗಿ ಒಗೆದು ಇಸ್ತ್ರಿಗೆ ಕೊಟ್ಟಿದ್ದಾಳೆ.

ಹೋಗಿ ಬಂದ ಮೇಲೆ ನೋಡಿದ ರೈಲುಗಳ ಪಟ್ಟಿಯನ್ನು ಇದೇ ಗೋಡೆಯ ಮೇಲೆ ಹಾಕುತ್ತೇನೆ. ಯಾರಿಗಾದರೂ ಯಾವುದಾದರೂ ರೈಲಿನ ನಂಬರು ಬೇಕಿದ್ದರೆ ಈಗಲೇ ಹೇಳಿ.