ಡಜನ್ ಲೆಕ್ಕ, ಕಿಲೋ ಲೆಕ್ಕ

ಮುಂಬೈಯಲ್ಲಿ ಬಾಳೆಹಣ್ಣು ಡಜನ್ ಲೆಕ್ಕ. ಬೆಂಗಳೂರಿನಿಂದ ಹೊಸದಾಗಿ ಬಂದವರು "ಕಿಲೋಗೆ ಎಷ್ಟು?" ಎಂದು ಕೇಳಿದರೆ ಗಾಡಿಯವನು ಒಂದು ಕ್ಷಣ ಮುಖ ನೋಡುತ್ತಾನೆ. ನಮ್ಮ ಏಲಕ್ಕಿ ಬಾಳೆ ಇಲ್ಲಿ ವೆಲಚಿ. ಅರ್ಥ ಅದೇ, ಏಲಕ್ಕಿ. ದಕ್ಷಿಣ ಕನ್ನಡದ ನಮಗೆ ಅದು ಕದಳಿ. ವಸಾಯಿಯ ನಮ್ಮ ಸ್ಟೇಶನ್ ಹೊರಗೆ ಒಂದು ಡಜನ್ ವೆಲಚಿಗೂ ಒಂದು ಡಜನ್ ದೊಡ್ಡ ಹಣ್ಣಿಗೂ ಬೆಲೆಯಲ್ಲಿ ಹೆಚ್ಚು ಅಂತರವಿರುವುದಿಲ್ಲ. ಎರಡನ್ನೂ ಮನೆಗೆ ತಂದು ತೂಗಿದೆ. ವೆಲಚಿ ಮುಕ್ಕಾಲು ಕಿಲೋ ಮುಟ್ಟಲಿಲ್ಲ. ದೊಡ್ಡದು ಎರಡು ಕಿಲೋಗೆ ತುಸು ಕಮ್ಮಿ.

ಈ ತೂಗುವ ಹುಚ್ಚು ಹತ್ತಿಸಿದವನು ಅಣ್ಣ. ಸುಳ್ಯದ ಕಡೆ ನಮ್ಮ ಅಡಿಕೆ ತೋಟದ ಒಂದು ಎಕರೆ ಹಳದಿ ಎಲೆ ರೋಗಕ್ಕೆ ಹೋಯಿತು. ಆ ರೋಗಕ್ಕೆ ಮದ್ದಿಲ್ಲ; ಸಂಪಾಜೆ, ಅರಂತೋಡು ಕಡೆಯವರನ್ನು ಕೇಳಿದರೆ ಹೇಳುತ್ತಾರೆ. ಅಪ್ಪ ಇಟ್ಟ ಮರಗಳನ್ನು ಅಣ್ಣನೇ ಕಡಿಸಿದ. ಬಾಳೆ ಹಾಕಿ ನೋಡುವುದು, ಆಗದಿದ್ದರೆ ಆ ಜಾಗ ಮಾರುವುದು ಎಂದು ಇಬ್ಬರೂ ಮಾತಾಡಿಕೊಂಡೆವು. "ಯಾವ ಬಾಳೆ ಅಂತ ನೀನು ಲೆಕ್ಕ ಹಾಕಿ ಹೇಳು ಮಾರಾಯ, ದಿನಾ ಅದೇ ಕೆಲಸ ಅಲ್ವಾ ನಿಂದು," ಎಂದ.

ಎಕ್ಸೆಲ್ ತೆರೆದೆ. ಒಂದು ಸಾಲಿನಲ್ಲಿ ಅಂಗಾಂಶ ಕೃಷಿಯ ಜಿ-9, ಅಂದರೆ ಗ್ರ್ಯಾಂಡ್ ನೈನ್. 1990ರ ದಶಕದಿಂದ ಜಳಗಾಂವಿನಲ್ಲಿ ಹನಿ ನೀರಾವರಿಯ ಜೊತೆ ಹಬ್ಬಿ, ಮುಂಬೈಗೆ ಲಾರಿಗಟ್ಟಲೆ ಬರುವ ಹಣ್ಣು. ಆರಡಿಗೆ ಆರಡಿ ಅಂತರದಲ್ಲಿ ಎಕರೆಗೆ 1,210 ಗಿಡ. ಹನ್ನೊಂದು-ಹನ್ನೆರಡು ತಿಂಗಳಿಗೆ ಗೊನೆ, ಚೆನ್ನಾಗಿ ಸಾಕಿದರೆ 25 ಕಿಲೋ. ಕಾಗದದ ಮೇಲೆ 30 ಟನ್. ಇನ್ನೊಂದು ಸಾಲಿನಲ್ಲಿ ಕದಳಿ. ಎತ್ತರಕ್ಕೆ ಹೋಗುವ ಗಿಡ, ಏಳಡಿ ಬಿಡಬೇಕು, 889 ಗಿಡ. ಹದಿಮೂರು ತಿಂಗಳಾದರೂ ಬೇಕು, ಗೊನೆ 12 ಕಿಲೋ. ಹತ್ತೂವರೆ ಟನ್ ಚಿಲ್ಲರೆ. ಮೂರಕ್ಕೆ ಒಂದು! ಅಂದರೆ ಕದಳಿಗೆ ಕಿಲೋಗೆ ಮೂರು ಪಟ್ಟು ಬೆಲೆ ಸಿಕ್ಕಿದರೆ ಮಾತ್ರ ಸಮ. ಎರಡು ಪಟ್ಟು ಸಲೀಸಾಗಿ ಸಿಗುತ್ತದೆ. ಮೂರು ಪಟ್ಟು ಚೌತಿ, ನವರಾತ್ರಿಯ ಆಸುಪಾಸಿನಲ್ಲಿ. ಜಿ-9 ಗಿಡ್ಡ ಗಿಡ, ಗಾಳಿಗೆ ಬೀಳುವುದು ಕಮ್ಮಿ; ಅದಕ್ಕೂ ಒಂದು ಅಂಕ ಕೊಟ್ಟೆ. ಮಂಗಗಳ ಕಾಲಂ ಖಾಲಿ ಬಿಟ್ಟೆ, ಅವು ತಳಿಭೇದ ಮಾಡುವುದಿಲ್ಲ.

ಶೀಟು ಕಳಿಸಿದ ರಾತ್ರಿಯೇ ಫೋನ್ ಬಂತು. "ಲೆಕ್ಕ ಎಲ್ಲ ಸರಿ ಉಂಟು. ಗೊನೆ ಹೊರುವವ ಯಾರು?"

ಆ ಒಂದು ಎಕರೆ ಗುಡ್ಡದ ಇಳಿಜಾರಿನಲ್ಲಿದೆ. ರಸ್ತೆಗೆ ಬರಲು ತೋಡು ದಾಟಬೇಕು. ಜಳಗಾಂವಿನಲ್ಲಿ ಟ್ರ್ಯಾಕ್ಟರ್ ಹೊಲದ ಬದಿಗೇ ಬಂದು ನಿಲ್ಲುತ್ತದೆ. ಇಲ್ಲಿ 25 ಕಿಲೋದ 1,210 ಗೊನೆಗಳನ್ನು, ಸರಿಸುಮಾರು ಒಂದೇ ಕಾಲಕ್ಕೆ ಬಲಿಯುವವುಗಳನ್ನು, ಐವತ್ತೆರಡರ ಅಣ್ಣ ಮತ್ತು ದಿನ ಬಿಟ್ಟು ದಿನ ಬರುವ ಒಬ್ಬ ಆಳು ಹೊರಬೇಕು. ಗುಂಡಿಯಿಂದೆತ್ತಿದ ಕಂದುಗಳಿಂದ ಬೆಳೆದ ಕದಳಿಯಾದರೋ ಹಿಂದುಮುಂದಾಗಿ ಗೊನೆ ಬಿಡುತ್ತದೆ. ಇಳುವರಿ ಪಟ್ಟಿಯಲ್ಲಿ ಅದು ದೋಷ, ಅಣ್ಣನ ಹೆಗಲಿಗೆ ಅದೇ ಅನುಕೂಲ.

ಹಣ್ಣು ಮಾಡುವ ವಿಷಯವೂ ಇದೆ. ಜಿ-9 ಹಣ್ಣನ್ನು 16-18 ಡಿಗ್ರಿ ತಂಪಿನಲ್ಲಿ ಎಥಿಲೀನ್ ಕೊಟ್ಟು ಮಾಗಿಸಿದರೆ ಮಾತ್ರ ಆ ಹೊಳೆಯುವ ಹಳದಿ. ಊರಿನ ಸೆಕೆಯಲ್ಲಿ ತಾನಾಗಿ ಹಣ್ಣಾದರೆ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ನಾವು ಪಚ್ಚಬಾಳೆ ಎಂದು ಅಗ್ಗಕ್ಕೆ ಕೊಳ್ಳುವುದು ಹೆಚ್ಚುಕಡಿಮೆ ಇದೇ ಕುಲದ ಹಣ್ಣನ್ನು. ವಾಶಿಯ ಮಾರುಕಟ್ಟೆಗೆ ಮಾಗಿಸುವ ಕೋಣೆಗಳಿವೆ, ನಮ್ಮ ಅಟ್ಟಕ್ಕೆ ಇಲ್ಲ.

ನಾನಿರುವ ವಸಾಯಿಯೇ ಒಂದು ಕಾಲದ ಬಾಳೆ ಸೀಮೆ. ಕಟ್ಟಡಗಳ ನಡುವೆ ಈಗಲೂ ಅಲ್ಲಲ್ಲಿ ವಾಡಿಗಳಿವೆ. ಇಲ್ಲಿನ ರಾಜೇಳಿ ನಮ್ಮ ನೇಂದ್ರದ ಬಳಗ; ಗೊನೆಗೆ ನಾಲ್ಕಾರು ಚಿಪ್ಪು, ಅಷ್ಟೆ. ನನ್ನ ಶೀಟಿನಲ್ಲಿ ಹಾಕಿದ್ದರೆ ಮೊದಲ ಸುತ್ತಿನಲ್ಲೇ ಹೊರಬೀಳುತ್ತಿತ್ತು. ಆದರೆ ಆಗಾಶಿಯ ಸುಕೇಳಿ, ಸಿಪ್ಪೆ ಸುಲಿದು ಬಿಸಿಲಲ್ಲಿ ಒಣಗಿಸಿದ ಜೇನುಬಣ್ಣದ ಹಣ್ಣು, ಆಗುವುದು ಇದರಿಂದಲೇ. 1882ರ ಠಾಣೆ ಜಿಲ್ಲಾ ಗೆಜೆಟಿಯರಿನಲ್ಲೂ ಆಗಾಶಿಯ ಒಣಬಾಳೆಯ ಪ್ರಸ್ತಾಪವಿದೆ. ನಾಲ್ಕು ಸುಕೇಳಿ ಪೊಟ್ಟಣ ಊರಿಗೆ ಒಯ್ದಿದ್ದೆ. ಅತ್ತಿಗೆ ತಿಂದು, ನೇಂದ್ರದಲ್ಲಿ ಇದು ಆಗಬಹುದಲ್ಲ ಎಂದರು.

ಹಾಗೆಂದು ಕದಳಿಯನ್ನು ಹೊಗಳಿ ಹಾಡಲು ನನಗೆ ಧೈರ್ಯವಿಲ್ಲ. ಮಣ್ಣಿನಲ್ಲಿರುವ ಫ್ಯುಸೇರಿಯಮ್ ಶಿಲೀಂಧ್ರದ ಪನಾಮಾ ಸೊರಗು ರೋಗ ಅದಕ್ಕೆ ಬೇಗ ತಗಲುತ್ತದೆ. ನಂಜನಗೂಡು ರಸಬಾಳೆಯನ್ನು ಅದರ ಊರಿನಲ್ಲೇ ಅಪರೂಪ ಮಾಡಿದ್ದು ಇದೇ ರೋಗ. ಭೌಗೋಳಿಕ ಸೂಚಕದ ಮಾನ್ಯತೆ ಬಂದರೂ ಗಿಡ ಉಳಿಯಬೇಕಲ್ಲ! ಜಗತ್ತಿನ ರಫ್ತು ಮಾರುಕಟ್ಟೆಯ ಗ್ರೋ ಮಿಶೆಲ್ ತಳಿ 1950-60ರ ದಶಕಗಳಲ್ಲಿ ಇದಕ್ಕೇ ಬಲಿಯಾಗಿ, ಆ ಜಾಗಕ್ಕೆ ಜಿ-9 ಸೇರಿದ ಕ್ಯಾವೆಂಡಿಶ್ ಕುಲ ಬಂತು. ಈಗ ಟಿಆರ್-4 ಎಂಬ ಹೊಸ ರೂಪ ಕ್ಯಾವೆಂಡಿಶನ್ನೇ ಹಿಡಿದಿದೆ, ಬಿಹಾರಕ್ಕೂ ಬಂದಿದೆ. ಒಂದು ರೋಗಕ್ಕೆ ಎಕರೆ ಪೂರ್ತಿ ಹೋಗುವುದನ್ನು ನೋಡಿದ ಮನೆ ನಮ್ಮದು. ಒಂದೇ ತಳಿ ಬೇಡ ಎಂಬುದರಲ್ಲಿ ಮಾತ್ರ ಅಣ್ಣನಿಗೂ ನನಗೂ ಚರ್ಚೆಯಾಗಲಿಲ್ಲ.

ಕೊನೆಗೆ ಹಾಕಿದ್ದು ಹೀಗೆ: ಇಳಿಜಾರಿಗೆ ಕದಳಿ 500, ರೋಗವಿಲ್ಲದ ತೋಟದಿಂದ ಆರಿಸಿ ತಂದ ಕಂದು. ತೋಡಿನ ಈಚೆ, ರಸ್ತೆಗೆ ಹತ್ತಿರದಲ್ಲಿ, ಜಿ-9 ಇನ್ನೂರು. ಅತ್ತಿಗೆಯ ಲೆಕ್ಕಕ್ಕೆ ನೇಂದ್ರ ಅರವತ್ತು. ಮಾರುವ ಮಾತನ್ನು ಎರಡು ವರ್ಷ ಮುಂದೂಡಿದ್ದೇವೆ. ಕದಳಿ ಈಗ ಆಳೆತ್ತರ ಬಂದಿದೆ. ಹದಿನೇಳು ಗಿಡದ ಎಲೆ ಹಳದಿಯಾಗಿದೆಯಂತೆ. ಗೊಬ್ಬರ ಸಾಲದೆಯೋ ಸೊರಗೋ ತಿಳಿಯಲು ಒಂದನ್ನು ಬುಡದಲ್ಲಿ ಸೀಳಿ ನೋಡು, ಒಳಗೆ ಕೆಂಗಂದು ಗೆರೆ ಇದೆಯಾ ಎಂದು ನಿನ್ನೆ ಹೇಳಿದ್ದೇನೆ. ಫೋಟೋ ಕಳಿಸುತ್ತೇನೆ ಎಂದಿದ್ದಾನೆ.