ಒಂದೇ ಮೀನು ಕೊಡುವುದಿಲ್ಲ

ಎರಡು ಮೂರು ಅಂಗುಲದ ಮೀಸೆ ಮೀನು ಕೋರಿಡೋರಸ್. ದಕ್ಷಿಣ ಅಮೆರಿಕದ ಹೊಳೆಗಳ ಈ ಕ್ಯಾಟ್‌ಫಿಶ್ಶನ್ನು ಪುಣೆಯ ಫ್ಲಾಟೊಂದರಲ್ಲಿ ಕನ್ನಡದ ಗೃಹಿಣಿಯೊಬ್ಬರು ಸಾಕಿ, ಮರಿ ಮಾಡಿಸಿ ಮಾರುತ್ತಾರೆ. ಮಳೆ ಬಂದರೆ ಅದು ಮೊಟ್ಟೆಯಿಡುತ್ತದೆ. ಅದಕ್ಕೇ ಅವರು ಟ್ಯಾಂಕಿನ ಅರ್ಧ ನೀರು ತೆಗೆದು, ಒಂದಿಷ್ಟು ತಣ್ಣಗಿನ ನೀರು ಸುರಿದು ಮಳೆ ಬಂತೆಂದು ನಂಬಿಸುತ್ತಾರೆ. ಹೆಣ್ಣು ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆಯಂತೆ ಮಡಿಸಿ, ಮೊಟ್ಟೆಗಳನ್ನು ಹಿಡಿದೊಯ್ದು ಗಾಜಿಗೆ ಅಂಟಿಸುತ್ತದೆ. ಅಲ್ಲೇ ಬಿಟ್ಟರೆ ದೊಡ್ಡ ಮೀನುಗಳೇ ತಿಂದುಬಿಡುತ್ತವೆ. ಅವರು ಬೆರಳಿನಿಂದ ಮೆಲ್ಲಗೆ ಬಿಡಿಸಿ ಬೇರೆ ಡಬ್ಬಿಗೆ ಹಾಕುತ್ತಾರೆ. ಬೂಷ್ಟು ಹಿಡಿದವನ್ನು ಆರಿಸಿ ಎಸೆಯುತ್ತಾರೆ. ಮೂರರಿಂದ ಐದು ದಿನಕ್ಕೆ ಮರಿ. ಆಮೇಲೆ ತಿಂಗಳುಗಟ್ಟಲೆ ದಿನವೂ ಉಪ್ಪುನೀರಿನಲ್ಲಿ ಆರ್ಟೀಮಿಯಾ ಮೊಟ್ಟೆ ಒಡೆಸಿ ಉಣಿಸಬೇಕು, ನೀರು ಬದಲಿಸಬೇಕು.

ಇಷ್ಟೆಲ್ಲ ಆದ ಮೇಲೆ ಗಿರಾಕಿ ಬಂದು ಕೇಳುವುದು ಒಂದೇ ಮಾತು: ಟ್ಯಾಂಕ್ ಕ್ಲೀನ್ ಮಾಡಲು ಒಂದು ಮೀನು ಕೊಡಿ.

‘ಕ್ಲೀನರ್’ ಎಂಬ ಅಂಗಡಿಯ ಹೆಸರೇ ಈ ಮೀನಿಗೆ ಶತ್ರು. ಅದು ಹೊಲಸು ತಿನ್ನುವುದಿಲ್ಲ, ಗಾಜಿನ ಪಾಚಿಯನ್ನೂ ತೆಗೆಯುವುದಿಲ್ಲ. ಮರಳಲ್ಲಿ ಮೂತಿಯಿಟ್ಟು ಹುಡುಕುವುದು ಹುಳುವನ್ನು, ತಳಕ್ಕೆ ಬಿದ್ದ ಆಹಾರವನ್ನು. ಕೆಲಸಕ್ಕೆಂದು ತಂದವರು ಅದಕ್ಕೆಂದು ಊಟ ಹಾಕುವುದಿಲ್ಲ. ಗುಂಪಿನಲ್ಲಿ ಬದುಕುವ ಜೀವ, ಒಂಟಿಯಾಗಿ ಮೂಲೆ ಸೇರಿ ಸೊರಗುತ್ತದೆ.

ಆದ್ದರಿಂದ ಈ ಮನೆಯಲ್ಲಿ ಆರಕ್ಕಿಂತ ಕಡಿಮೆ ಮಾರುವುದಿಲ್ಲ. ಎಷ್ಟೋ ಜನ ಬರಿಗೈಲಿ ವಾಪಸಾಗುತ್ತಾರೆ. ಕೆಲವು ತಿಂಗಳು ಆರ್ಟೀಮಿಯಾದ ಖರ್ಚೂ ಹುಟ್ಟುವುದಿಲ್ಲ, ಟ್ಯಾಂಕಿನಲ್ಲಿ ಜಾಗವೂ ಸಾಲುವುದಿಲ್ಲ.

“ಒಂದು ಕೊಟ್ಟರೆ ಏನಾಗುತ್ತೆ?” ಎಂದು ಯಜಮಾನರು ಕೇಳುತ್ತಾರೆ.

“ಗಾಜು ಉಜ್ಜೋಕೆ ಸ್ಪಂಜ್ ಸಾಕಲ್ರೀ,” ಎನ್ನುತ್ತಾರೆ ಅವರು.