ಬಂಪರಿನ ಗವಾಕ್ಷ

ಶಬ್ದಕ್ಕೂ ಅರ್ಥಕ್ಕೂ ಬಿಡಿಸಲಾಗದ ನಂಟೆಂದು ಮೂವತ್ತಮೂರು ವರ್ಷ ಸಂಸ್ಕೃತದ ಪಾಠ ಹೇಳಿ ನಿವೃತ್ತರಾದವರು ನಾವು. ಅರ್ಥವಿಲ್ಲದ ಶಬ್ದಗಳನ್ನು ಪ್ರಬಂಧದಲ್ಲಿ ತುರುಕಿದ ಹುಡುಗರ ಕಿವಿಗಳನ್ನು ನಮ್ಮ ಕೈ ಚೆನ್ನಾಗಿ ಬಲ್ಲುದು. ಅಂತಹ ನಮ್ಮ ಅಂಗಳದಲ್ಲಿಯೇ ಎರಡು ವರ್ಷ ಕಾಲ ಅರ್ಥವಿಲ್ಲದ ಎರಡು ರಂಧ್ರಗಳು ನಿಂತಿದ್ದುವು. ನಮ್ಮ ಕಣ್ಣಿಗೆ ಬೀಳಲಿಲ್ಲ. ಕಂಡವಳು ಆರು ವರ್ಷದ ಮೊಮ್ಮಗಳು.

ನಮ್ಮ ಮಗನ ಹಳೆಯ ಕಾರಿನ ಮುಂದಣ ಬಂಪರು ಒಂದು ಎಮ್ಮೆಗೆ ತಾಗಿ ಸೀಳಿಹೋದಾಗ, ಅವನು ಅದರ ಸ್ಥಳದಲ್ಲಿ ಚೆಲುವಾದ ಹೊಸದೊಂದನ್ನು ತೊಡಿಸಿದ್ದನು. ಅದರ ಎರಡು ಮೂಲೆಗಳಲ್ಲಿಯೂ ಹುಲಿಯ ಬಾಯಿಯಂತೆ ತೆರೆದ ಕಪ್ಪು ಕಂಡಿಗಳು. ಕಂಡಿಗಳ ಮೇಲೆ ಜಾಲರಿಯ ಚಿತ್ತಾರ. ಮೊಮ್ಮಗಳು ತನ್ನ ಸೀಸದ ಕಡ್ಡಿಯನ್ನು ಅದರೊಳಗೆ ಬಚ್ಚಿಡಹೋಗಿ, "ಅಜ್ಜಯ್ಯ, ಇದು ಸುಳ್ಳು ತೂತು!" ಎಂದು ಕೂಗಿದಳು. ಬೆರಳಿಟ್ಟು ನೋಡಿದೆವು. ಒಂದಂಗುಲದ ಆಳದಲ್ಲಿಯೇ ಪ್ಲಾಸ್ಟಿಕ್ಕಿನ ಗೋಡೆ. ಈಗಿನ ಎಷ್ಟೋ ಕಾರುಗಳ ಮುಖದಲ್ಲಿ ಇಂತಹ ಬರಿಯ ಅಲಂಕಾರದ ಕಂಡಿಗಳಿರುವುವೆಂದು ಮಗನು ಹೇಳಿದನು. ನಾವು ನಕ್ಕು ಸುಮ್ಮನಾದೆವು.

ಕಳೆದ ಮಾಘಮಾಸದಲ್ಲಿ ಉಡುಪಿಯ ಮಗಳ ಮನೆಗೆಂದು ತೀರ್ಥಹಳ್ಳಿಯಿಂದ ಎಲ್ಲರೂ ಹೊರಟೆವು. ಆಗುಂಬೆಯ ಘಾಟಿಯನ್ನು ಇಳಿದ ವಾಚಕರಿಗೆ ಅದರ ೧೪ ತಿರುವುಗಳನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಎಂಟೊಂಬತ್ತು ತಿರುವುಗಳನ್ನು ದಾಟುವಷ್ಟರಲ್ಲಿ ಸುಟ್ಟ ಕಮಟು ವಾಸನೆ ಮೂಗಿಗೆ ಬಡಿಯಿತು. ಮುಂದಿನ ತಿರುವಿನಲ್ಲಿ ಮಗನು ಬ್ರೇಕನ್ನು ಮೆಟ್ಟಿದನು, ವೇಗ ತಗ್ಗಲಿಲ್ಲ. ಮತ್ತೆ ಮೆಟ್ಟಿದನು, ಪೆಡಲು ಕೆಸರಿನಲ್ಲಿಟ್ಟ ಕಾಲಿನಂತೆ ತಳಕ್ಕಿಳಿಯಿತು. ಅವನು ಒಂದು ಮಾತನ್ನೂ ಆಡಲಿಲ್ಲ. ಗೇರನ್ನು ಕೆಳಕ್ಕೆ ತಂದು, ಕೈಬ್ರೇಕನ್ನು ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರಗಳನ್ನು ಇಳಿಸಿ ನಿಲ್ಲಿಸಿದನು. ಹಿಂದಿನ ಆಸನದಲ್ಲಿ ಮೊಮ್ಮಗಳು ನಿದ್ದೆಯಿಂದ ಎದ್ದು, ಊರು ಬಂದಿತೇ ಎಂದು ಕೇಳಿದಳು.

ಅರ್ಧ ಗಂಟೆ ಕಳೆದ ಮೇಲೆ ಪೆಡಲಿಗೆ ಜೀವ ಮರಳಿತು. ಮನೆಯಾಕೆ ಮಾತ್ರ ಮಗುವನ್ನೆತ್ತಿಕೊಂಡು ಅಷ್ಟರಲ್ಲಿ ಬಂದ ಬಸ್ಸನ್ನು ಹತ್ತಿದ್ದಳು. ಆ ಕಾರಿನಲ್ಲಿ ಇನ್ನು ಕಾಲಿಡೆನೆಂಬುದು ಆಕೆಯ ಶಪಥ.

ಮನೆಗೆ ಬಂದ ಮೇಲೆ ನಾವು ಲೆಕ್ಕ ಹಾಕಿ ನೋಡಿದೆವು. ೧೦೦೦ ಕಿಲೋಗ್ರಾಂ ತೂಕದ ಬಂಡಿ ೫೦೦ ಮೀಟರು ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯನ್ನೆಲ್ಲ ಬ್ರೇಕೇ ನುಂಗಬೇಕಾದರೆ, ಆ ಶಾಖದಿಂದ ಸುಮಾರು ೧೫ ಲೀಟರು ತಣ್ಣೀರನ್ನು ಕುದಿಬರಿಸಬಹುದು. "ಒಬ್ಬರ ಸ್ನಾನದ ನೀರು" ಎಂದಳು ಮನೆಯಾಕೆ. ಒಬ್ಬರ ಸ್ನಾನದ ನೀರೇ ಸರಿ. ಆದರೆ ಆ ಶಾಖದ ಬಹುಭಾಗವನ್ನು ಹೊರುವುವು ಮುಂದಣ ಚಕ್ರಗಳೊಳಗಿನ ಎರಡು ಕಬ್ಬಿಣದ ಬಿಲ್ಲೆಗಳು.

ಮಗನು ಬಂಪರನ್ನು ಕಳಚಿ, ಸುಳ್ಳು ಕಂಡಿಗಳ ಹಿಂಗೋಡೆಯನ್ನು ತಾನೇ ಗರಗಸದಿಂದ ಕೊಯ್ದನು. ಇನ್ನು ಬ್ರೇಕಿಗೆ ಗಾಳಿಯಾಡುವುದೆಂದು ಅವನ ನಂಬುಗೆ. ಪರೀಕ್ಷಿಸಲೆಂದು ತಾಯಿಯ ಕೆಂಪು ಉಣ್ಣೆಯ ದಾರವನ್ನು ಗೇಣುದ್ದದ ತುಂಡುಗಳಾಗಿ ಮಾಡಿ ಕಂಡಿಗಳ ಅಂಚಿಗೆ ಅಂಟಿಸಿದನು. ಗಾಳಿ ಒಳಹೊಕ್ಕರೆ ದಾರವೂ ಒಳಕ್ಕೆ ಬಾಗಬೇಕು. ಅವನು ಕಾರನ್ನು ನಡೆಸುತ್ತಿರಲು ನಾವು ನೆರೆಮನೆಯ ಹುಡುಗನ ಮೋಟಾರು ಸೈಕಲ್ಲಿನ ಹಿಂದೆ ಕುಳಿತು, ಪಂಚೆಯನ್ನು ಒಂದು ಕೈಯಲ್ಲಿಯೂ ಪ್ರಾಣವನ್ನು ಇನ್ನೊಂದರಲ್ಲಿಯೂ ಹಿಡಿದು, ಪಕ್ಕದಲ್ಲಿಯೇ ಸಾಗುತ್ತ ದಾರಗಳನ್ನು ನೋಡಿದೆವು. ದಾರಗಳು ಒಳಗೆ ಹೋಗಲೊಲ್ಲದೆ ಅತ್ತಿತ್ತ ಒದ್ದಾಡುತ್ತಿದ್ದುವು. ಕಂಡಿಯ ಹಿಂದೆ ಚಕ್ರದ ಗೂಡಿನ ಮರೆ. ಬಂದ ಗಾಳಿ ಅಲ್ಲಿಯೇ ತಡೆದು ನಿಲ್ಲುತ್ತಿತ್ತು.

"ಒಲೆಗೆ ಬಾಯಿ ಇದ್ದರಷ್ಟೇ ಆಯಿತೆ? ಹೊಗೆ ಹೋಗುವುದಕ್ಕೆ ಮಾಡಿನಲ್ಲಿ ಕಂಡಿ ಬೇಡವೆ?" ಎಂದು ಜಗಲಿಯಿಂದ ಕೇಳಿದಳು ಮನೆಯಾಕೆ. ಆಕೆ ಭೌತಶಾಸ್ತ್ರವನ್ನು ಓದಿದವಳಲ್ಲ.

ಕಡೆಗೆ ಗ್ಯಾರೇಜಿಗೆ ಹೋಗಬೇಕಾಯಿತು. ಅದರ ಯಜಮಾನ ನಮ್ಮ ಹಳೆಯ ಶಿಷ್ಯ. ರಾಮಶಬ್ದವನ್ನು ತೃತೀಯಾ ವಿಭಕ್ತಿಯಿಂದ ಮುಂದೆ ಒಯ್ಯಲಾರದೆ ಹೋದವನು. ಆತನು ಕಾರಿನ ಕೆಳಗೆ ಮಲಗಿ ಎಲ್ಲವನ್ನೂ ನೋಡಿ ಎದ್ದುಬಂದು, "ಮೇಷ್ಟ್ರೆ, ಗಾಳಿ ಒಳಗೆ ಬಂತು ಅಂತಾನೇ ಇಟ್ಕೊಳ್ಳಿ. ಆಮೇಲೆ ಎಲ್ಲಿಗೆ ಹೋಗಬೇಕು?" ಎಂದನು. ಉತ್ತರ ನಮ್ಮಲ್ಲಿರಲಿಲ್ಲ. ಆತನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಪಾಠ ಹೇಳಿದನು. ಬ್ರೇಕಿನ ಬಿಲ್ಲೆ ಒಂದಲ್ಲ, ಎರಡು ಪದರ; ನಡುವೆ ಗರಿಗಳಂತಹ ಸಂದುಗಳು. ಕಂಡಿಯಿಂದ ಕೊಳವೆಯೊಂದು ಹೊರಟು ಬಿಲ್ಲೆಯ ನಡುವಿಗೇ ಗಾಳಿಯನ್ನು ಉಣಿಸಬೇಕು. ತಿರುಗುವ ಬಿಲ್ಲೆ ಅದನ್ನು ಅಂಚಿಗೆ ಎಸೆಯುತ್ತದೆ, ಶಾಖವೂ ಜೊತೆಗೆ ಹೊರಬೀಳುತ್ತದೆ. ಕೊಳವೆ ಥಟ್ಟನೆ ಮುರಿದು ತಿರುಗಬಾರದು. ಚಕ್ರವನ್ನು ಎರಡು ಕಡೆಗೆ ಪೂರ್ತಿ ತಿರುಗಿಸಿದಾಗಲೂ ಟಯರಿಗೆ ತಾಗಬಾರದು. ಬಾಯಿಗೆ ಕಲ್ಲು ತಡೆಯುವ ಜಾಲರಿ ಬೇಕು. ಪ್ಲಾಸ್ಟಿಕ್ಕಿನ ಹೊರಮೈಯನ್ನು ಕೊಯ್ಯಬಹುದು. ಅದರ ಹಿಂದಿನ ಉಕ್ಕಿನ ತೊಲೆಯನ್ನು ಮುಟ್ಟಬಾರದು, ಡಿಕ್ಕಿಯಾದರೆ ಕಾಯುವುದು ಅದೇ. ರೇಡಿಯೇಟರಿನ ಗಾಳಿಯನ್ನೂ ಕದಿಯಬಾರದು. ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ಬಂಡಿಯನ್ನು ಮಾರ್ಪಡಿಸಬಾರದೆಂದು ೧೯೮೮ರ ಮೋಟಾರು ವಾಹನ ಅಧಿನಿಯಮದ ೫೨ನೆಯ ಪ್ರಕರಣದಲ್ಲಿದೆ. ಅದನ್ನು ನಾವು ನೆನಪುಮಾಡಿದೆವು. ಪಾಠದಲ್ಲಿ ನಮ್ಮ ಪಾಲೂ ಇರಲೆಂದು.

"ಆದರೆ ಮೇಷ್ಟ್ರೆ, ಘಾಟಿಗೆ ಇದರಿಂದ ದೊಡ್ಡ ಉಪಕಾರವಿಲ್ಲ" ಎಂದು ಆತನು ಮುಂದುವರಿಸಿದನು. ವೇಗ ಅರ್ಧವಾದರೆ ನುಗ್ಗುವ ಗಾಳಿಯ ಒತ್ತಡ ಕಾಲುಭಾಗಕ್ಕಿಳಿಯುತ್ತದೆ. ಪಂದ್ಯದ ಹಾದಿಯಲ್ಲಿ ಹಾರುವ ಕಾರಿಗೆ ಕೊಳವೆ ಜೀವಾಳ. ತಿರುವಿನಲ್ಲಿ ತೆವಳುವ ನಮಗೆ ಅಲ್ಪಸಹಾಯ. ಬಳಿಕ ಬ್ರೇಕಿನ ಎಣ್ಣೆಯನ್ನು ನೋಡಿದನು, ಕಷಾಯದ ಬಣ್ಣ. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ೩ ಎಂಬ ಜಾತಿಯದು ಹೊಸದಾಗಿ ೨೦೫ ಡಿಗ್ರಿಯವರೆಗೆ ಕುದಿಯದು. ತೇವ ಸೇರಿದರೆ ೧೪೦ರ ಸುಮಾರಿಗೇ ಕುದಿಯಬಹುದು. ಕುದಿದರೆ ಆವಿ, ಆವಿಯನ್ನು ಎಷ್ಟು ಮೆಟ್ಟಿದರೂ ಅಮುಕುವುದೇ ಹೊರತು ಬ್ರೇಕು ಹಿಡಿಯದು.

"ಯಾವ ಗೇರಿನಲ್ಲಿ ಇಳಿದಿರಿ?" ಎಂದು ಆತನು ಕೊನೆಗೆ ಕೇಳಿದನು. ಮಗನು ನೆಲವನ್ನು ನೋಡಿದನು.

ವಾಚಕರಿಗೆ ಒಂದು ಮಾತನ್ನು ನಾವು ಇದುವರೆಗೆ ಮುಚ್ಚಿಟ್ಟಿದ್ದೇವೆ. ಘಾಟಿಯ ನೆತ್ತಿಯಲ್ಲಿ, "ಇನ್ನು ಬರೀ ಇಳಿತ, ನ್ಯೂಟ್ರಲ್ಲಿನಲ್ಲಿ ಬಿಡು, ಪೆಟ್ರೋಲು ಉಳಿಯುತ್ತದೆ" ಎಂದವರು ನಾವು. "ಬೇಡ ಅಪ್ಪಯ್ಯ" ಎಂದು ಮಗನು ಒಮ್ಮೆ ಹೇಳಿದ್ದನು. ತಂದೆಗೆ ಎರಡನೆಯ ಸಲ ಎದುರಾಡುವ ವಾಡಿಕೆ ಅವನಿಗಿಲ್ಲ. ಅದನ್ನು ಕಲಿಸಿದವರೂ ನಾವೇ. ಅಂದಿನಿಂದ ತಾಯಿಯ ಬೈಗುಳಕ್ಕೂ ಬಂಧುಗಳ ಬುದ್ಧಿವಾದಕ್ಕೂ ತಲೆಯೊಡ್ಡಿದನೇ ಹೊರತು ಈ ಸಂಗತಿಯನ್ನು ಬಾಯಿಬಿಟ್ಟಿರಲಿಲ್ಲ. ತಪ್ಪು ನಮ್ಮದೆಂದು ಹೇಳಿದೆವು. ಗ್ಯಾರೇಜಿನ ಹುಡುಗರೆಲ್ಲ ಕೇಳುತ್ತಿದ್ದರು.

ಶಿಷ್ಯನು ನಗಲಿಲ್ಲ. ಗೇರಿನಲ್ಲಿದ್ದರೆ ಎಂಜಿನ್ನೇ ಬಂಡಿಯನ್ನು ಹಿಡಿದುಕೊಳ್ಳುವುದೆಂದೂ, ಈಗಿನ ಎಂಜಿನ್ನುಗಳು ಅಂತಹ ಇಳಿತದಲ್ಲಿ ಪೆಟ್ರೋಲನ್ನು ತಾವಾಗಿಯೇ ನಿಲ್ಲಿಸುವುವೆಂದೂ, ನ್ಯೂಟ್ರಲ್ಲಿನಲ್ಲಿಯೇ ಹೆಚ್ಚು ಉರಿಯುವುದೆಂದೂ ಮೆಲ್ಲನೆ ಹೇಳಿದನು. ನಮ್ಮ ಉಳಿತಾಯವೂ ಸುಳ್ಳು ತೂತೇ ಆಗಿತ್ತು. ಆ ರಾತ್ರಿ ಮನೆಯಾಕೆಗೂ ನಿಜವನ್ನು ತಿಳಿಸಿದೆವು. ಅದು ಗ್ಯಾರೇಜಿನಷ್ಟು ಸುಲಭವಾಗಲಿಲ್ಲ.

ಎಣ್ಣೆ ಬದಲಾಯಿತು, ಬ್ರೇಕಿನ ಪ್ಯಾಡುಗಳು ಬದಲಾದುವು. ಅಲ್ಪಸಹಾಯವಾದರೂ ಸರಿ, ಅರ್ಧಕ್ಕೆ ಬಿಟ್ಟ ಕೆಲಸ ಮುಗಿಯಲೆಂದು ಕೊಳವೆಗಳನ್ನೂ ಹಾಕಿಸಿ, ಖರ್ಚನ್ನು ನಮ್ಮ ಪಿಂಚಣಿಯಿಂದ ಕೊಟ್ಟೆವು. ಮತ್ತೆ ಮೋಟಾರು ಸೈಕಲ್ಲು, ಮತ್ತೆ ಕೆಂಪು ದಾರ. ಈ ಸಲ ದಾರಗಳು ಹಾವಿನ ಮರಿಗಳಂತೆ ಒಳಹೊಕ್ಕುವು.

ಕಾರ್ತಿಕದಲ್ಲಿ ಮನೆಯಾಕೆ ಶಪಥವನ್ನು ಮುರಿದಳು. ಎರಡನೆಯ ಗೇರಿನಲ್ಲಿ, ಹಿಂದೆ ಬರುವವರ ಹಾರನ್ನುಗಳನ್ನು ಸಹಿಸುತ್ತ, ಮಗನು ಹದಿನಾಲ್ಕು ತಿರುವುಗಳನ್ನೂ ಇಳಿಸಿದನು. ನಾವು ಬಾಯಿ ತೆರೆಯಲಿಲ್ಲ. ಸೋಮೇಶ್ವರದಲ್ಲಿ ಕಾಫಿಗೆ ನಿಂತಾಗ ಮೊಮ್ಮಗಳು ಓಡಿ ಬಂಪರಿನ ಮುಂದೆ ಕುಳಿತಳು. ಬಲಗಡೆಯ ಜಾಲರಿಗೆ ಒಂದು ಒಣಗಿದ ಎಲೆ ಅಂಟಿಕೊಂಡಿತ್ತು. ಮನೆಯಾಕೆ ಬಾಗಿ ಅದನ್ನು ಬಿಡಿಸಿ, ತಿರುಗಿಸಿ ನೋಡಿ, "ಹಾಗಾದರೆ ಗಾಳಿ ಹೋಗುತ್ತಿರುವುದು ನಿಜ" ಎಂದಳು.